ವನರಾಜ್ ಭಾಟಿಯಾ ಅವರ ಸಂಗೀತದಲ್ಲಿ ಮಾತಿನ ಸ್ಥಾನ

ವನರಾಜ್ ಭಾಟಿಯಾ (1927–2021) ಅವರ ಹೆಸರು ಹೈದರಾಬಾದಿನ ಕನ್ನಡಿಗರಿಗೆ ಪರಿಚಿತವಾದದ್ದು ಬಹುಮಟ್ಟಿಗೆ ಶ್ಯಾಮ್ ಬೆನಗಲ್ ಅವರ ಚಿತ್ರಗಳ ಮೂಲಕ. ಅವರ ಬಾಳನ್ನು ಕುರಿತು ಬರೆದವರು ಅದನ್ನು ಎರಡಾಗಿ ಸೀಳಿ ನೋಡುವುದು ರೂಢಿಯಾಗಿದೆ: ಜೀವನೋಪಾಯಕ್ಕೆ ಜಾಹೀರಾತು, ಸಿನಿಮಾ, ದೂರದರ್ಶನ, ಮನಸ್ಸಿನ ತೃಪ್ತಿಗೆ ಸಭಾಂಗಣದ ಪಾಶ್ಚಾತ್ಯ ಸಂಗೀತ. ಈ ವಿಭಾಗ ಅನುಕೂಲವಾದದ್ದು, ಆದರೆ ಕೃತಿಗಳನ್ನು ಕಿವಿಗೊಟ್ಟು ಕೇಳಿದವರಿಗೆ ಒಪ್ಪಿಗೆಯಾಗತಕ್ಕದ್ದಲ್ಲ. ಅವರ ಶ್ರೇಷ್ಠವಾದ ಸಭಾಸಂಗೀತ ದೂರದರ್ಶನದಲ್ಲಿಯೇ ಕೇಳಿಬಂದಿತು. ಹಾಗಾಗುವುದಕ್ಕೆ ಕಾರಣ, ಅಲ್ಲಿ ಅವರಿಗೆ ದೊರೆತ ಭಾಷೆ.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದ ಭಾಟಿಯಾ, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಸಂಗೀತರಚನೆಯನ್ನು ಕಲಿತು, ಅನಂತರ ಪ್ಯಾರಿಸ್ಸಿನಲ್ಲಿ ನಾಡಿಯಾ ಬೂಲಾಂಜೆ ಅವರ ಶಿಷ್ಯರಾದರು. 1959ರಲ್ಲಿ ಸ್ವದೇಶಕ್ಕೆ ಮರಳಿದಾಗ ಈ ವಿದ್ಯೆಗೆ ಇಲ್ಲಿ ಬೇಡಿಕೆಯಿರಲಿಲ್ಲ. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಕೆಲವು ವರ್ಷ ಪಾಶ್ಚಾತ್ಯ ಸಂಗೀತವನ್ನು ಬೋಧಿಸಿದರು. ಜಾಹೀರಾತುಗಳಿಗಾಗಿ ಸಾವಿರಾರು ಕಿರುಗೀತಗಳನ್ನು ಕಟ್ಟಿದರು. ಇದನ್ನು ಕಂಡು ಮರುಗುವವರು ಒಂದನ್ನು ಮರೆಯುತ್ತಾರೆ. ಅರ್ಧ ನಿಮಿಷದ ಗೀತದಲ್ಲಿ ಒಂದಕ್ಷರ ಮಸುಕಾದರೂ ಪದಾರ್ಥ ಮಾರಾಟವಾಗದು. ಮಾತನ್ನು ಸ್ಪಷ್ಟವಾಗಿ ಕೇಳಿಸುವ ಕಲೆಯನ್ನು ಬೂಲಾಂಜೆ ಕಲಿಸಿದ್ದರೋ ಇಲ್ಲವೋ, ಮುಂಬಯಿಯ ವ್ಯಾಪಾರಿಗಳಂತೂ ಕಲಿಸಿದರು.

ಬೆನಗಲ್ ಅವರು ಸಿಕಂದರಾಬಾದಿನ ತಿರುಮಲಗಿರಿಯಲ್ಲಿ ಹುಟ್ಟಿದವರು, ಕರಾವಳಿಯ ಸಾರಸ್ವತ ಮನೆತನದವರು. ಅವರ ‘ಅಂಕುರ’ (1974) ಮತ್ತು ‘ನಿಶಾಂತ’ (1975) ತೆಲಂಗಾಣದ ಜಮೀನುದಾರಿಯ ಕಥೆಗಳು. ಇವುಗಳಲ್ಲಿ ಭಾಟಿಯಾ ತೋರಿದ ಸಂಯಮ ಗಮನಾರ್ಹ. ಹಿಂದೀ ಚಿತ್ರರಂಗ ಪಿಟೀಲುಗಳ ಸಮೂಹವನ್ನೇ ಹರಿಯಬಿಡುತ್ತಿದ್ದ ಕಡೆ ಇವರು ಹೊಲದ ಸದ್ದಿಗೂ ದಖನಿ ಮಾತಿನ ಏರಿಳಿತಕ್ಕೂ ಎಡೆಮಾಡಿಕೊಟ್ಟರು. ‘ಮಂಡಿ’ (1983)ಯಲ್ಲಿ ಹೈದರಾಬಾದಿನ ಕವಿ ಮಖ್ದೂಂ ಮೊಹಿಯುದ್ದೀನರ ಗಜಲು ಬರುತ್ತದೆ. ಈ ನಗರದ ಉರ್ದುವನ್ನು ಮನೆಯಂಗಳದಲ್ಲಿ ಕೇಳಿ ಬಲ್ಲವರು, ಅದರ ಉಚ್ಚಾರಕ್ಕೆ ಎಲ್ಲಿಯೂ ಭಂಗ ಬರದಂತೆ ರಾಗ ನಡೆಯುವುದನ್ನು ಗುರುತಿಸಬಲ್ಲರು.

ಗೋವಿಂದ ನಿಹಲಾನಿಯವರ ‘ತಮಸ್’ (1988) ಭಾಟಿಯಾರಿಗೆ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಆದರೆ ಅದೇ ವರ್ಷ ಆರಂಭವಾಗಿ 53 ಕಂತುಗಳಲ್ಲಿ ಪ್ರಸಾರವಾದ ‘ಭಾರತ್ ಏಕ್ ಖೋಜ್’ ಹೆಚ್ಚಿನ ಸಾಧನೆಯೆನ್ನಬೇಕು. ಅದರ ಮೊದಲಿನಲ್ಲಿ ಕೇಳಿಬರುವುದು ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತ. ಸಂಸ್ಕೃತದ ಬೆನ್ನಿಗೆ ಹಿಂದಿಯ ರೂಪಾಂತರ. ವೇದಘೋಷ ಉದಾತ್ತ, ಅನುದಾತ್ತ, ಸ್ವರಿತಗಳ ಕಿರಿದಾದ ಹರವಿನಲ್ಲಿ ಒಂದೇ ಕಂಠವಾಗಿ ಸಾಗತಕ್ಕದ್ದು. ಭಾಟಿಯಾ ಅದನ್ನು ಪಾಶ್ಚಾತ್ಯ ರೀತಿಯ ವೃಂದಗಾನಕ್ಕೆ ಅಳವಡಿಸಿದರು. ಇಂಥ ಸಾಹಸ ಹಾಸ್ಯಾಸ್ಪದವಾಗುವ ಸಂಭವವೇ ಹೆಚ್ಚು. ಅದು ಹಾಗಾಗದೆ ಉಳಿದದ್ದು ಛಂದಸ್ಸಿನ ಬಲದಿಂದ. ಸೂಕ್ತದ ವೃತ್ತ ತ್ರಿಷ್ಟುಭ್, ಪಾದಕ್ಕೆ ಹನ್ನೊಂದು ಅಕ್ಷರ. ಗುರು ನಿಂತಲ್ಲಿ ವೃಂದವೂ ನಿಂತು ವಿಸ್ತರಿಸುತ್ತದೆ, ಲಘುವಿನಲ್ಲಿ ಮುಂದೆ ಸರಿಯುತ್ತದೆ. ಸೃಷ್ಟಿಯ ಮೂಲವನ್ನು ಪ್ರಶ್ನಿಸುವ ಮಂತ್ರಕ್ಕೆ ಹಲವು ಕಂಠಗಳು ಒಂದರ ಮೇಲೊಂದು ಏಳುವ ಕ್ರಮ ಸಹಜವಾಗಿಯೇ ಒದಗಿತು. ವಾರವಾರವೂ ಕೇಳಿದಾಗ ಆ ಭವ್ಯತೆ ತುಸು ಭಾರವೆನಿಸಿದ್ದೂ ಉಂಟು. ಆದರೂ ಟಿಕೆಟ್ಟು ಕೊಂಡು ಸಭಾಂಗಣಕ್ಕೆ ಎಂದೂ ಹೋಗದ ಲಕ್ಷಾಂತರ ಮನೆಗಳು ಈ ಸಂಗೀತವನ್ನು ಬಾಯಿಪಾಠ ಮಾಡಿಕೊಂಡವು.

ಈ ಹಿನ್ನೆಲೆಯಲ್ಲಿಯೇ ಅವರ ಕೊನೆಯ ದೊಡ್ಡ ಕೃತಿಯನ್ನು ನೋಡಬೇಕು. ಅದು ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ಯನ್ನು ಆಧರಿಸಿದ ಆಪೆರಾ, ‘ಅಗ್ನಿವರ್ಷ’. ಅದರ ಮೊದಲ ಅಂಕಗಳು 2012ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದವು. ಕಾರ್ನಾಡರ ಕನ್ನಡ ಶೀರ್ಷಿಕೆಯಲ್ಲಿ ಒಂದು ಸಂಸ್ಕೃತ ಪದ, ಒಂದು ಅಚ್ಚಗನ್ನಡ ಪದ. ಒಂದು ಯಜ್ಞಶಾಲೆಗೆ ಸೇರಿದ್ದು, ಇನ್ನೊಂದು ಹೊಲಕ್ಕೆ. ಆಪೆರಾದ ಹೆಸರಿನಲ್ಲಿ ಎರಡೂ ಸಂಸ್ಕೃತವಾಗಿ, ‘ಮಳೆ’ ಜಾರಿಹೋಗಿದೆ. ಇದು ಬರಿಯ ಹೆಸರಿನ ಮಾತಲ್ಲ. ನಾಟಕದ ಜೀವಾಳವೇ ಭಾಷೆಯ ಸ್ತರಗಳಲ್ಲಿದೆ. ಪರಾವಸುವಿನ ಯಜ್ಞದ ಮಂತ್ರ, ನಟರಾಡುವ ಒಳನಾಟಕದ ಮಾತು, ಬೇಡರ ಹುಡುಗಿ ನಿತ್ತಿಲೆಯ ನೇರವಾದ ನುಡಿ ಇವು ಕನ್ನಡದಲ್ಲಿ ಕಿವಿಗೇ ಬೇರೆ ಬೇರೆಯಾಗಿ ತಿಳಿಯುತ್ತವೆ. ಭಾಟಿಯಾ ಆಧಾರವಾಗಿಟ್ಟುಕೊಂಡದ್ದು ಇಂಗ್ಲಿಷ್ ಪಾಠವನ್ನು. ಅಲ್ಲಿ ಆ ಅಂತರ ಕುಗ್ಗುತ್ತದೆ. ಮೇಲಾಗಿ ಇಂಗ್ಲಿಷಿನ ನಡೆ ಒತ್ತಿನದು, ಮಾತ್ರೆಯದಲ್ಲ. ನಾಸದೀಯ ಸೂಕ್ತದಲ್ಲಿ ಅವರಿಗೆ ದಾರಿ ತೋರಿದ್ದ ಲಘುಗುರುಗಳ ಊರುಗೋಲು ಇಲ್ಲಿ ಕೈಗೆ ಸಿಕ್ಕಲಿಲ್ಲ.

ದೋಷವನ್ನು ಅವರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಆಪೆರಾ ಕಂಠಗಳೂ ವಾದ್ಯವೃಂದವೂ ದೊರೆಯುತ್ತಿದ್ದ ಊರುಗಳ ಭಾಷೆ ಇಂಗ್ಲಿಷ್. ಕನ್ನಡದಲ್ಲಿ ಗೀತನಾಟಕದ ಪರಂಪರೆ ಇಲ್ಲದಿಲ್ಲ, ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವೂ ಅದಕ್ಕೆ ಬಿ.ವಿ. ಕಾರಂತರು ಒದಗಿಸಿದ ರಂಗರೂಪವೂ ಸಾಕ್ಷಿಯಾಗಿವೆ. ಆದರೆ ಆ ಪರಂಪರೆಗೂ ಬೂಲಾಂಜೆಯ ಶಿಷ್ಯನಿಗೂ ಭೇಟಿಯಾಗುವ ವೇದಿಕೆಯನ್ನು ಕನ್ನಡದ ಸಂಸ್ಥೆಗಳು ಏರ್ಪಡಿಸಲಿಲ್ಲ. ಕಾರ್ನಾಡರು 2019ರಲ್ಲಿ, ಭಾಟಿಯಾ 2021ರ ಮೇ 7ರಂದು ತೀರಿಕೊಂಡರು. ವಾದ್ಯಭಾಗವನ್ನು ಹಾಗೆಯೇ ಉಳಿಸಿಕೊಂಡು, ಗಾಯಕರ ಸಾಲುಗಳಿಗೆ ಕಾರ್ನಾಡರ ಕನ್ನಡವನ್ನು ಹೊಂದಿಸಿ ನೋಡುವುದು ಸಾಧ್ಯವಿದೆ. ನಿತ್ತಿಲೆಯ ಮಾತುಗಳಿಂದ ಆರಂಭಿಸಿದರೆ ಕೆಲಸ ಸುಲಭವಾದೀತು, ಏಕೆಂದರೆ ಅವಳ ವಾಕ್ಯಗಳು ಗಿಡ್ಡ.