ಗುಟ್ಟು ಬಯಲಾದ ಮೇಲೆ

ಅಮೆರಿಕದ ಸಿಬಿಎಸ್ ಟಿ.ವಿ.ಯಲ್ಲಿ 1952ರಲ್ಲಿ ಶುರುವಾದ 'ಐ ಹ್ಯಾವ್ ಗಾಟ್ ಎ ಸೀಕ್ರೆಟ್' ಸರಳ ಆಟ. ಅತಿಥಿ ತನ್ನ ಗುಟ್ಟನ್ನು ನಿರೂಪಕ ಗ್ಯಾರಿ ಮೂರ್ ಕಿವಿಯಲ್ಲಿ ಉಸುರಬೇಕು. ನೋಡುಗರಿಗೆ ಅದು ಪರದೆಯ ಮೇಲೆ ಕಾಣುತ್ತದೆ. ಎದುರು ಕುಳಿತ ನಾಲ್ವರು ಪ್ರಶ್ನೆ ಕೇಳಿ ಕೇಳಿ ಪತ್ತೆ ಹಚ್ಚಬೇಕು.

1956ರ ಫೆಬ್ರವರಿಯಲ್ಲಿ ಅಲ್ಲಿಗೆ ಬಂದವರು 95ರ ಸ್ಯಾಮ್ಯುಯೆಲ್ ಸೇಮೂರ್. ಹೋಟೆಲಿನಲ್ಲಿ ಬಿದ್ದು ಕಣ್ಣಿನ ಮೇಲೆ ಊದಿಕೊಂಡಿತ್ತು. ಬೇಡವೆಂದರೂ ಕೇಳದೆ ಬಂದಿದ್ದರು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದಲ್ಲಿ ಲಿಂಕನ್ನರಿಗೆ ಗುಂಡು ಹಾರಿದಾಗ 5 ವರ್ಷದ ಈ ಹುಡುಗ ಅಲ್ಲಿದ್ದ. ಇದೇ ಅವರ ಗುಟ್ಟು.

ಇಂಥ ಹಿರಿಯರನ್ನು ತಮಾಷೆಯ ಆಟಕ್ಕೆ ಕರೆತಂದದ್ದು ತಪ್ಪೆಂದು ನನಗನಿಸುವುದಿಲ್ಲ. ಕರೆಯದಿದ್ದರೆ ಆ ಮುಖವನ್ನು ನಾವು ನೋಡುತ್ತಲೇ ಇರಲಿಲ್ಲ. ಹಳೆಯ ಚಿತ್ರಿಕೆ ನೋಡುವಾಗ ನನ್ನನ್ನು ಕಾಡಿದ್ದೇ ಬೇರೆ. ಲಿಂಕನ್ನರಿಗೆ ಏನಾಯಿತೆಂಬುದು ಆ ಹುಡುಗನಿಗೆ ತಿಳಿದಿರಲಿಲ್ಲ. ಮೇಲಿನಿಂದ ಬಿದ್ದ ಆ ಮನುಷ್ಯ, ಪಾಪ, ಏನಾದನೋ ಎಂದು ಅವನು ಮರುಗಿದ್ದ. ಬಿದ್ದವನೇ ಕೊಲೆಗಾರ ಬೂತ್! ಇದನ್ನು ಮೂರ್ ಮಾತಿನ ನಡುವೆ ಹೇಳಿ ಮುಗಿಸಿಬಿಡುತ್ತಾರೆ. ಕತೆ ಬರೆಯುವ ನನಗೋ, ಎಲ್ಲ ಶುರುವಾಗಬೇಕಿದ್ದುದೇ ಅಲ್ಲಿಂದ. ಆದರೆ ಆಟಕ್ಕೆ ಬೇಕಿದ್ದುದು ಉತ್ತರ, ಅದು ಸಿಕ್ಕಿತ್ತು.

ಬಹುಮಾನ 80 ಡಾಲರ್. ಪ್ರಾಯೋಜಕರು ಸಿಗರೇಟಿನವರು. ಅಜ್ಜ ಸೇದುವುದು ಪೈಪ್ ಎಂದು ಒಂದು ಡಬ್ಬಿ ತಂಬಾಕನ್ನೂ ಕೊಟ್ಟರು. ಆ ವರ್ಷ ಏಪ್ರಿಲ್ 12ರಂದು ಸೇಮೂರ್ ತೀರಿಕೊಂಡರು.