ಮೂರು ತಲೆಮಾರಿಗೆ ಒಂದೇ ಕಪಾಟು

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಪುಸ್ತಕದ ಕಪಾಟು ಒಂದೇ ಇದ್ದರೂ ಓದುಗರು ಮೂರು ಬಗೆ. ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಓದು ರುಚಿಸದು. ನಮ್ಮ ವಯಸ್ಸಿನವರಿಗೆ ಕನ್ನಡವೂ ಬೇಕು, ಇಂಗ್ಲಿಷೂ ಆದೀತು. ಪುಣೆಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಮರಾಠಿ, ಇಂಗ್ಲಿಷುಗಳನ್ನು ಸರಾಗವಾಗಿ ಓದುತ್ತಾರೆ. ಕನ್ನಡದ ಮಾತು ಬರುತ್ತದೆ, ಅಕ್ಷರ ಬಾರದು. 'ನಾವು ಯಾರು?' ಎಂಬ ಪ್ರಶ್ನೆಯನ್ನು ಈ ಮೂವರಿಗೂ ಎದುರಿಟ್ಟು ಮಾತಾಡುವ ಪುಸ್ತಕಗಳು ನಮ್ಮಲ್ಲಿವೆಯೆ ಎಂಬುದೇ ಈ ಬರಹದ ವಿಚಾರ.

ನಾಡು ಬಿಟ್ಟು ಹೋದ ಕೊರಿಯನ್ನರ ಕಪಾಟನ್ನು ಮೊದಲು ನೋಡೋಣ. ಯಾಂಗ್‌ಸುಕ್ ಚೋಯ್ ಅವರ 'ದ ನೇಮ್ ಜಾರ್' (2001) ಎಳೆಯರ ಚಿತ್ರಪುಸ್ತಕ. ಅಮೆರಿಕೆಗೆ ಹೊಸದಾಗಿ ಬಂದ ಯೂನ್‌ಹೇ ಎಂಬ ಹುಡುಗಿಯ ಹೆಸರು ಶಾಲೆಯಲ್ಲಿ ಯಾರ ನಾಲಗೆಗೂ ಒಗ್ಗದು. ಹೊಸ ಹೆಸರು ಆರಿಸಿಕೊಳ್ಳಲೆಂದು ಸಹಪಾಠಿಗಳು ಚೀಟಿಗಳನ್ನು ಜಾಡಿಯಲ್ಲಿ ಹಾಕಿಡುತ್ತಾರೆ. ಅವಳು ಕಡೆಗೆ ತನ್ನ ಹೆಸರನ್ನೇ ಉಳಿಸಿಕೊಳ್ಳುತ್ತಾಳೆ. ಹದಿಹರೆಯದವರಿಗೆ ಲಿಂಡಾ ಸೂ ಪಾರ್ಕ್ ಅವರ 'ವೆನ್ ಮೈ ನೇಮ್ ವಾಸ್ ಕಿಯೋಕೊ' (2002) ಇದೆ. ಜಪಾನಿ ಆಳ್ವಿಕೆಯಲ್ಲಿ ಕೊರಿಯನ್ನರ ಮೇಲೆ ಜಪಾನಿ ಹೆಸರು ಹೇರಿದ ಕಾಲದ ಕಥೆ. ದೊಡ್ಡವರಿಗೆ ಮಿನ್ ಜಿನ್ ಲೀ ಅವರ 'ಪಚಿಂಕೊ' (2017): ಒಸಾಕಾಕ್ಕೆ ವಲಸೆ ಹೋದ ಕುಟುಂಬವೊಂದರ ತಲೆಮಾರುಗಳ ಕಾದಂಬರಿ. ಅದರಲ್ಲಿ ನೋವಾ ಎಂಬ ಮಗ ತನ್ನ ಕುಲವನ್ನು ಮುಚ್ಚಿಟ್ಟು ಜಪಾನಿಯಾಗಿ ಬಾಳಲು ಹೋಗಿ ನಾಶವಾಗುತ್ತಾನೆ. ಈ ಪುಸ್ತಕಗಳಲ್ಲಿ ದೋಷವಿಲ್ಲವೆಂದಲ್ಲ. ಮೊದಲನೆಯದು ಸಮಸ್ಯೆಯನ್ನು ಬಲು ಸುಲಭವಾಗಿ ಬಿಡಿಸಿಬಿಡುತ್ತದೆ. ಕೊನೆಯದು ಉತ್ತರಾರ್ಧದಲ್ಲಿ ಅವಸರದಿಂದ ಓಡುತ್ತದೆ. ಆದರೂ ಒಂದೇ ಗಾಯವನ್ನು ಮೂರು ವಯಸ್ಸಿಗೆ ತಕ್ಕ ಭಾಷೆಯಲ್ಲಿ ಹೇಳಿದ್ದಾರೆ. ಇದು ಸಣ್ಣ ಮಾತಲ್ಲ.

ಇನ್ನು ನಮ್ಮ ಕಡೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಮೂರು ತಲೆಮಾರಿನ ಕಥೆ. ಹೆಂಗಸರ ದುಡಿಮೆಯನ್ನು ಅಷ್ಟು ಗೌರವದಿಂದ ಕಂಡ ಕಾದಂಬರಿ ವಿರಳ. ಆದರೆ ಹೊರಗೆ ಹೋದವನಿಗೆ ಅದು ಸೂಚಿಸುವ ದಾರಿ ಹೆಸರಿನಲ್ಲೇ ಇದೆ: ಮರಳಿ ಬಾ. ನಾವು ಮರಳೇವು, ನಮ್ಮ ಮಕ್ಕಳು ಎಲ್ಲಿಗೆ ಮರಳಬೇಕು? ಕೇಂದ್ರ ಸರ್ಕಾರದ ನೌಕರರಾದ ನಾವು ರಜಾ ಪ್ರವಾಸ ರಿಯಾಯಿತಿಗಾಗಿ 'ಸ್ವಂತ ಊರು' ಯಾವುದೆಂದು ಬರೆದುಕೊಡಬೇಕು. ಇಡೀ ಸೇವಾವಧಿಯಲ್ಲಿ ಅದನ್ನು ಒಮ್ಮೆ ಮಾತ್ರ ಬದಲಾಯಿಸಬಹುದು. ಕಚೇರಿಯ ಕಾಗದದಲ್ಲಿ ಊರು ಭದ್ರವಾಗಿದೆ. ಮಕ್ಕಳ ಪಾಲಿಗೆ ಅದು ಬೇಸಿಗೆ ರಜೆಯ ಊರು, ಅಷ್ಟೆ.

ಮುಂಬಯಿ ಈ ವಿಷಯದಲ್ಲಿ ಪುಣ್ಯವಂತ. ಯಶವಂತ ಚಿತ್ತಾಲರ 'ಶಿಕಾರಿ' (1979), ವ್ಯಾಸರಾಯ ಬಲ್ಲಾಳರ 'ಬಂಡಾಯ', ಜಯಂತ ಕಾಯ್ಕಿಣಿಯವರ ಕತೆಗಳು ಆ ನಗರವನ್ನು ಕನ್ನಡದ್ದಾಗಿ ಮಾಡಿವೆ. ಆದರೆ ಇವೆಲ್ಲ ಬೆಳೆದವರ ಓದು. ಎಂಟು ವರ್ಷದ ಕನ್ನಡ ಮಗುವೊಂದು ಪುಣೆಯ ಶಾಲೆಯಲ್ಲಿ ಮರಾಠಿ ಕವಿತೆ ಬಾಯಿಪಾಠ ಹೇಳಿ, ಮನೆಗೆ ಬಂದು ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುವ ಪುಸ್ತಕ ನಮ್ಮ ಕೈಗೆ ಇನ್ನೂ ಬಂದಿಲ್ಲ.

ಹಾಗಿದ್ದರೆ ಮಕ್ಕಳು ಏನು ಓದಬೇಕು? ಇಲ್ಲಿ ಪುಣೆಯೇ ಒಂದು ಉತ್ತರ ಕೊಟ್ಟಿದೆ. ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ' (1965) ಕಾದಂಬರಿಯನ್ನು ಮರಾಠಿಗೆ ತಂದವರು ಇದೇ ಊರಿನ ಉಮಾ ಕುಲಕರ್ಣಿ. ಅವರ ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕೃತಿಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುತ್ತಿದ್ದರು. ಉಮಾ ಅವರು ಅದನ್ನು ಕೇಳಿಕೊಂಡು ಮರಾಠಿಯಲ್ಲಿ ಬರೆಯುತ್ತಿದ್ದರು. ಹೀಗೆ ಭೈರಪ್ಪ, ಕಾರಂತರು ಮರಾಠಿ ಮನೆಗಳನ್ನು ಹೊಕ್ಕರು. ಅದೇ ಬಾಗಿಲಿನಿಂದ ನಮ್ಮ ಮಕ್ಕಳ ಕೈಗೂ ಬಂದರು.

ಕನ್ನಡದ ಮಗು ಭೈರಪ್ಪನವರನ್ನು ಮರಾಠಿಯಲ್ಲಿ ಓದುವುದು ಅವಮಾನವೆಂದು ಕೆಲವು ಹಿರಿಯರು ಹೇಳುತ್ತಾರೆ. ಆ ನೋವು ನಮಗೆ ಅರ್ಥವಾಗುತ್ತದೆ. ಆದರೆ 'ವಂಶವೃಕ್ಷ'ವೇ ಈ ವಾದಕ್ಕೆ ಉತ್ತರ ಕೊಡುತ್ತದಲ್ಲ! ವಂಶದ ಶುದ್ಧಿಯನ್ನೇ ನಂಬಿ ಬಾಳಿದ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳಿಗೆ, ತಾವೇ ಆ ವಂಶದ ರಕ್ತದವರಲ್ಲವೆಂಬುದು ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ಹಾಗೆಂದು ಅವರು ಬಾಳಿದ ಬಾಳು ಸುಳ್ಳಾಯಿತೆ? ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿತು ಕನ್ನಡದ ವರಕವಿಯಾದರು. ಬಳ್ಳಿ ಯಾವ ಚಪ್ಪರಕ್ಕೆ ಹಬ್ಬಿತೆಂಬುದಕ್ಕಿಂತ ಬೇರಿಗೆ ನೀರು ಸಿಕ್ಕಿತೆ ಎಂಬುದು ಮುಖ್ಯ.

ಆದರೂ ಅನುವಾದ ಎಲ್ಲವನ್ನೂ ಹೊತ್ತು ತರಲಾರದು. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ನೋಡಿ. ಆ ಶಬ್ದ ಯಾವ ನಿಘಂಟಿನಲ್ಲೂ ಇಲ್ಲ. ಒಂದು ಮನೆಯವರು ಗೋಜಲಿಗೆ ಕಟ್ಟಿಕೊಂಡ ಸ್ವಂತ ಪದ. ಬೇರೆ ಮನೆಯವನಿಗೆ ಆ ಪದ ಹೇಳಿಕೊಟ್ಟರೆ ಅವನನ್ನು ಒಳಗೆ ಕರೆದುಕೊಂಡಂತೆ. ಪುಣೆಯಲ್ಲಿ ಕನ್ನಡಕ್ಕೂ ಇದೇ ಗತಿ ಬರುತ್ತಿದೆ ಎಂಬ ಭಯ ನಮಗಿದೆ: ಅಡುಗೆಮನೆಯಲ್ಲಿ ಮಾತ್ರ ನಡೆಯುವ, ನಾಲ್ಕು ಜನರ ಗುಟ್ಟಿನ ಮಾತು. ಪಚಿಂಕೊದ ನೋವಾನಂತೆ ನಮ್ಮ ಮಕ್ಕಳನ್ನು ಹೆಸರು ಮುಚ್ಚಿಡೆಂದು ಯಾರೂ ಪೀಡಿಸುತ್ತಿಲ್ಲ. ಅದಕ್ಕೇ ಎಚ್ಚರ ಹೆಚ್ಚು ಬೇಕು. ಕಿತ್ತುಕೊಳ್ಳುವವರಿದ್ದರೆ ಹಿಡಿದುಕೊಳ್ಳುತ್ತೇವೆ, ತಾನಾಗಿ ಜಾರಿಹೋಗುವುದು ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟೆ. ಅಕ್ಷರ ಬರುವವರೆಗೆ ಕಾಯುವುದು ಬೇಡ. ವಿರೂಪಾಕ್ಷ ಕುಲಕರ್ಣಿಯವರು ಮಾಡಿದಂತೆ ಗಟ್ಟಿಯಾಗಿ ಓದೋಣ. ರಾತ್ರಿ ಊಟದ ನಂತರ ಹತ್ತು ಪುಟ, ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಕೇಳಲಿ. ಮರಾಠಿ ಅನುವಾದ ಪಕ್ಕದಲ್ಲಿದ್ದರೆ ಇರಲಿ. ಕೇಳಿ ಬೆಳೆದ ಆ ಮೊಮ್ಮಗಳು ಮುಂದೆ ಯಾವ ಲಿಪಿಯಲ್ಲಿ ಬರೆದರೂ ಸರಿ, ನಮ್ಮ ಕಪಾಟಿನಲ್ಲಿ ಖಾಲಿ ಇರುವ ಆ ಮಕ್ಕಳ ಪುಸ್ತಕವನ್ನು ಅವಳೇ ಬರೆದಾಳು.