ಕಳ್ಳ ಸಿಕ್ಕ ಮೇಲೆ

ನಾನು ಬೆಳೆದದ್ದು ಹಿಂಡಲಗಾದಲ್ಲಿ. ಬೆಳಗಾವಿ ಕಡೆಯವರಿಗೆ ಆ ಹೆಸರು ಕೇಳಿದೊಡನೆ ನೆನಪಾಗುವುದು ಜೇಲು. ನಮ್ಮ ಕಾಕಾ ಅಲ್ಲಿ ವಾರ್ಡರ್ ಆಗಿದ್ದರು. ಮನೆಯಲ್ಲಿ ಅವರು ಜೇಲಿನ ಮಾತು ಎತ್ತುತ್ತಿದ್ದುದು ಕಡಿಮೆ. ನನಗೋ ಕೊಲೆ, ದರೋಡೆಯ ಕಥೆಯೆಂದರೆ ಪ್ರಾಣ. ಬಾಡಿಗೆ ಪುಸ್ತಕದ ಅಂಗಡಿಯಿಂದ ಎನ್. ನರಸಿಂಹಯ್ಯನವರ ಕಾದಂಬರಿ ತಂದು ರಾತ್ರಿ ಬೆಳಗಾಗುವುದರೊಳಗೆ ಮುಗಿಸುತ್ತಿದ್ದೆ.

ನಾಲ್ಕನೆಯ ತರಗತಿಯವರೆಗಷ್ಟೇ ಕಲಿತು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಅವರು ಕನ್ನಡದ ಎಷ್ಟೋ ಮನೆಗಳಿಗೆ ಓದುವ ಚಟ ಹಚ್ಚಿದರು. ಆದರೆ ಇಂದು ನೆನಪಿಸಿಕೊಂಡರೆ ಆ ಕಥೆಗಳ ಒಂದು ಗಂಟೂ ನನಗೆ ನೆನಪಾಗುವುದಿಲ್ಲ. ಪತ್ತೇದಾರ ಪುರುಷೋತ್ತಮ ಮಾತ್ರ ಹಳೆಯ ಗೆಳೆಯನಂತೆ ಉಳಿದಿದ್ದಾನೆ.

ಪತ್ತೇದಾರಿ ಕಥೆಯಲ್ಲಿ ಕಥಾನಕ ದೊಡ್ಡದೋ ಪಾತ್ರ ದೊಡ್ಡದೋ ಎಂಬ ಚರ್ಚೆ ಬಂದಾಗ ಇದನ್ನೇ ಯೋಚಿಸುತ್ತೇನೆ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸನನ್ನು ಜಲಪಾತದ ಪಾಲು ಮಾಡಿದ. ಓದುಗರು ಒಪ್ಪಲಿಲ್ಲ, 1903ರಲ್ಲಿ ಮತ್ತೆ ಬದುಕಿಸಬೇಕಾಯಿತು. ಒಗಟು ಕಟ್ಟುವವರು ಬೇರೆ ಯಾರೂ ಇರಲಿಲ್ಲವೆಂದಲ್ಲ. ಜನರಿಗೆ ಬೇಕಾಗಿದ್ದದ್ದು ಆ ಮನುಷ್ಯ.

ಹಾಗೆಂದು ಕಥಾನಕವನ್ನು ಹಗುರಾಗಿ ಕಾಣುವಂತಿಲ್ಲ. ಅಗಾಥಾ ಕ್ರಿಸ್ಟಿ 1926ರಲ್ಲಿ ಬರೆದ ರೋಜರ್ ಆಕ್ರಾಯ್ಡ್ ಕೊಲೆಯ ಕಥೆಯನ್ನು ಓದಿದವರಿಗೆ ಗೊತ್ತು, ಜಾಣ ಹೆಣಿಗೆ ಓದುಗನನ್ನು ಹೇಗೆ ಕೆಡಹುತ್ತದೆಂದು. ಓದದವರಿಗಾಗಿ ಗುಟ್ಟು ಬಿಡುವುದಿಲ್ಲ. ಆದರೆ ಎರಡನೆಯ ಸಲ ಓದಿದಾಗ ನನಗೆ ಹೊಳೆದದ್ದು ಬೇರೆ: ಆ ಮೋಸ ನಡೆಯುವುದು ಒಬ್ಬ ಮನುಷ್ಯನ ಸ್ವಭಾವದ ಮೇಲೆ ನಾವಿಟ್ಟ ನಂಬಿಕೆಯಿಂದ.

ಒಂದು ದಿನ ಬಿಡುಗಡೆಯಾದ ಕೈದಿಯೊಬ್ಬ ಮಗಳ ಲಗ್ನಪತ್ರಿಕೆ ಕೊಡಲು ನಮ್ಮ ಮನೆಗೆ ಬಂದ. ಜನ್ಮಠೇಪೆ ಮುಗಿಸಿದವನೆಂದು ನನಗೆ ಗೊತ್ತಾಗಿತ್ತು. ಚಹಾ ಕುಡಿಯುತ್ತಿದ್ದವನನ್ನು ಕೇಳಿಯೇಬಿಟ್ಟೆ: “ನೀವು ಯಾರನ್ನ ಕೊಂದ್ರಿ?”

ಆತ ಬಸಿ ಕೆಳಗಿಟ್ಟ. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕಾಕಾನಿಗೆ ಕೈಮುಗಿದು ಎದ್ದು ಹೋದ.

ಕಾಕಾ ನನ್ನನ್ನು ಹೊಡೆಯಲಿಲ್ಲ. “ನಿನ್ನ ಪುಸ್ತಕದಾಗ ಕಳ್ಳ ಸಿಕ್ಕ ಮ್ಯಾಲೆ ಏನಾಗ್ತದೋ?” ಎಂದರು.

“ಮುಗೀತದ, ಕಾಕಾ.”

“ನಮ್ಮಲ್ಲೆ ಅಲ್ಲಿಂದ ಚಾಲೂ ಆಗ್ತದ ನೋಡು.”

ಆ ಮಾತು ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು. ದಾಸ್ತೊವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಓದುವಾಗ ಕಾಕಾ ಪಕ್ಕದಲ್ಲಿ ಕುಳಿತಂತಾಯಿತು. ಅಲ್ಲಿ ಕೊಂದವನು ಯಾರೆಂಬುದು ಮೊದಲೇ ಗೊತ್ತು; ಆದರೂ ಪುಸ್ತಕ ಕೆಳಗಿಡಲಾಗದು. ನಮ್ಮ ತೇಜಸ್ವಿಯವರ ‘ಚಿದಂಬರ ರಹಸ್ಯ’ವೂ ತನಿಖೆಯಿಂದ ಶುರುವಾಗುತ್ತದೆ. ಓದುತ್ತ ಹೋದಂತೆ ಒಂದು ಸಾವಿನ ಗುಟ್ಟಿಗಿಂತ ಕೆಸರೂರೆಂಬ ಇಡೀ ಊರೇ ನಮ್ಮ ಚಿಂತೆಯಾಗುತ್ತದೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪತ್ತೇದಾರಿಯ ಜಾಡು ಹಿಡಿದೇ ಎಷ್ಟು ದೂರ ಹೋಗಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕಥಾನಕ ‘ಯಾರು’ ಎಂದು ಕೇಳುತ್ತದೆ. ಒಳ್ಳೆಯ ಪಾತ್ರ ‘ಏಕೆ’ ಎಂದು ಕೇಳಿಸುತ್ತದೆ. ಮೊದಲನೆಯದು ಪುಟ ತಿರುವಿಸುತ್ತದೆ, ಎರಡನೆಯದು ಪುಸ್ತಕ ಮುಚ್ಚಿದ ಮೇಲೂ ಬಿಡುವುದಿಲ್ಲ. ಎರಡೂ ಕೂಡಿದಾಗ ಪತ್ತೇದಾರಿ ಕಥೆ ಸಾಹಿತ್ಯವಾಗುತ್ತದೆ.

ಕಾಕಾ ಈಗಿಲ್ಲ. ಇಂದಿಗೂ ನಾನು ಪತ್ತೇದಾರಿ ಕಾದಂಬರಿ ಓದುತ್ತೇನೆ, ಕೊನೆಯ ಪುಟದಲ್ಲಿ ಕಳ್ಳ ಸಿಕ್ಕಾಗ ಖುಷಿಯನ್ನೂ ಪಡುತ್ತೇನೆ. ಆಮೇಲೆ ಆ ಬಸಿ ನೆನಪಾಗುತ್ತದೆ, ಅದರಲ್ಲಿ ಹಾಗೇ ಉಳಿದ ಚಹಾ ನೆನಪಾಗುತ್ತದೆ. ಆ ಮನುಷ್ಯನಿಗೆ ಅಂದು ಕೇಳಬೇಕಾಗಿದ್ದದ್ದು ಒಂದೇ ಮಾತು: “ಲಗ್ನ ಯಾವಾಗ್ರಿ?”